ಧೂಳು ಹೊಡೆಯೋರು ಯಾರು?

ವಿಯೆನ್ನಾದ ಶೋನ್‌ಬ್ರುನ್ ಅರಮನೆಯ ಒಳಗೆ ಕಾಲಿಡುವ ಮೊದಲು ಅಮ್ಮ ಶೂ ಬಿಡೋಕೆ ಜಾಗ ಹುಡುಕಿದಳು. ಮೈಸೂರು ಅರಮನೆಯ ಅಭ್ಯಾಸ. ಅಲ್ಲಿ ಚಪ್ಪಲಿ ಬಿಟ್ಟು ತಣ್ಣನೆ ನೆಲದ ಮೇಲೆ ಬರಿಗಾಲಲ್ಲಿ ನಡೆದವರಿಗೆ, ಇಲ್ಲಿ ಜನ ಬೀದಿಯ ಶೂ ಹಾಕಿಕೊಂಡೇ ಕುಸುರಿ ಮಾಡಿದ ಮರದ ನೆಲ ತುಳಿಯೋದು ನೋಡಿದರೆ ಏನೋ ಒಂಥರಾ ಆಗುತ್ತದೆ. 'ಇಷ್ಟು ಜನ ಓಡಾಡಿದ ಮೇಲೆ ಇದನ್ನ ಒರೆಸೋರು ಯಾರೋ?' ಅಂದಳು. ಆಮೇಲೆ ಊರು ತುಂಬ ಅವಳು ಕೇಳಿದ್ದು ಅದೊಂದೇ ಪ್ರಶ್ನೆ.

ಅರಮನೆಗೆ 1,441 ಕೋಣೆಗಳು. ನಮ್ಮಂಥವರಿಗೆ ತೋರಿಸೋದು ಸುಮಾರು 40. 'ಸದ್ಯ' ಅಂದಳು ಅಮ್ಮ. ಎಂಟನೇ ಕೋಣೆ ಹೊತ್ತಿಗೆ ನನಗೂ ಹಾಗೇ ಅನಿಸಿತು. ಚಿನ್ನದ ಬಳ್ಳಿ, ತೂಗುದೀಪ, ಕನ್ನಡಿ, ಮತ್ತೆ ಚಿನ್ನದ ಬಳ್ಳಿ. ಮದುವೆ ಊಟದಲ್ಲಿ ನಾಲ್ಕನೇ ಸಿಹಿ ಬಂದ ಹಾಗೆ. ಚೆನ್ನಾಗಿಲ್ಲ ಅಂತಲ್ಲ, ಜಾಗ ಇಲ್ಲ ಅಷ್ಟೇ. 1762ರಲ್ಲಿ ಆರು ವರ್ಷದ ಮೊಜಾರ್ಟ್ ಈ ಅರಮನೆಯಲ್ಲೇ ರಾಣಿ ಮರಿಯಾ ತೆರೇಸಾ ಮುಂದೆ ನುಡಿಸಿದ್ದ ಅಂತ ಹೇಳಿದೆ. ಆ ರಾಣಿ ಹೆತ್ತದ್ದು 16 ಮಕ್ಕಳು ಅಂತಲೂ ಹೇಳಿಬಿಟ್ಟೆ. ಅಮ್ಮ ಮೊಜಾರ್ಟನನ್ನು ಅಲ್ಲೇ ಬಿಟ್ಟು 16 ಮಕ್ಕಳ ಬಟ್ಟೆ ಒಗೆಯೋ ಲೆಕ್ಕಕ್ಕೆ ಕೂತಳು.

ಕೋಣೆಯ ಮೂಲೆಗಳಲ್ಲಿ ಆಳೆತ್ತರದ ಪಿಂಗಾಣಿ ಒಲೆಗಳಿವೆ, ಚಳಿಗಾಲಕ್ಕೆ. ಸೌದೆ ಹಾಕುವ ಬಾಯಿ ಮಾತ್ರ ಎಲ್ಲೂ ಕಾಣೋದಿಲ್ಲ. ಗೋಡೆಯ ಹಿಂದೆ ಆಳುಗಳು ಓಡಾಡೋಕೆ ಅಂತಲೇ ಸಣ್ಣ ಓಣಿಗಳಿದ್ದವು. ಅಲ್ಲಿಂದಲೇ ಸೌದೆ ತುಂಬಿ, ಅಲ್ಲಿಂದಲೇ ಬೂದಿ ತೆಗೆಯುತ್ತಿದ್ದರು, ಈ ಕಡೆ ಒಂದು ಚೂರು ಮಸಿ ಬೀಳಬಾರದು ಅಂತ. ಊದುಕೊಳವೆಯಲ್ಲಿ ಒಲೆ ಊದಿ ಬೆಳೆದ ಅಮ್ಮನಿಗೆ ಅರಮನೆ ಮೇಲೆ ಗೌರವ ಬಂದದ್ದು ಆಗಲೇ. ಹಗ್ಗದಾಚೆ ಬಗ್ಗಿ ಒಲೆಯ ಬೆನ್ನು ನೋಡಹೋದಳು. ಕಾವಲಿನಾಕೆ ಕೆಮ್ಮಿದಳು.

ಇಷ್ಟೆಲ್ಲ ಇಟ್ಟುಕೊಂಡು ಚಕ್ರವರ್ತಿ ಫ್ರಾನ್ಸ್ ಜೋಸೆಫ್ ಮಲಗುತ್ತಿದ್ದದ್ದು ಹಾಸ್ಟೆಲ್ ಹುಡುಗರಿಗೆ ಕೊಡುವಂಥ ಕಬ್ಬಿಣದ ಮಂಚದ ಮೇಲೆ. 1916ರಲ್ಲಿ ಪ್ರಾಣ ಬಿಟ್ಟದ್ದೂ ಅದರ ಮೇಲೇ. ಅವನ ಹೆಂಡತಿ ಎಲಿಸಬೆತ್‌ಗೆ ಹಿಮ್ಮಡಿ ಹತ್ತಿರ ಬರುವಷ್ಟು ಕೂದಲು, ಬಾಚಿ ಹೆಣೆಯೋಕೆ ದಿನಾ ಗಂಟೆಗಟ್ಟಲೆ ಬೇಕಿತ್ತು. ಉದುರಿದ ಕೂದಲು ಗುಡಿಸೋರ ಪಾಡೇನು ಅಂತ ಈ ಸಲ ನಾನೇ ಕೇಳಿದೆ.

ಮರುದಿನ ಚರ್ಚುಗಳ ಸರದಿ. ಸೇಂಟ್ ಸ್ಟೀಫನ್ಸ್‌ನ ದಕ್ಷಿಣ ಗೋಪುರಕ್ಕೆ 343 ಮೆಟ್ಟಿಲು, ನಾನು ಹತ್ತಿದೆ, ಅಮ್ಮ ಕೆಳಗೆ ಬೆಂಚಿನ ಮೇಲೆ ಕೂತು ಕಿತ್ತಳೆ ಸುಲಿದಳು. 1945ರಲ್ಲಿ ಈ ಚರ್ಚಿನ ಛಾವಣಿಯೇ ಸುಟ್ಟುಹೋಗಿತ್ತು. ಅದರ ದೊಡ್ಡ ಗಂಟೆ, ತುರ್ಕರು ಬಿಟ್ಟುಹೋದ ಫಿರಂಗಿಗಳನ್ನು ಕರಗಿಸಿ 1711ರಲ್ಲಿ ಎರಕ ಹೊಯ್ದದ್ದು, ಬಿದ್ದು ಚೂರಾಯಿತು. ಆ ಚೂರುಗಳನ್ನೇ ಕರಗಿಸಿ ಮತ್ತೆ ಗಂಟೆ ಮಾಡಿದರು. ಹಳೇ ಪಾತ್ರೆ ಹಾಕಿ ಹೊಸದು ತರುವ ಅಮ್ಮನಿಗೆ ಇದು ಚೆನ್ನಾಗಿ ಅರ್ಥವಾಯಿತು.

ಕೊನೆಗೆ ಜೆಸ್ಯೂಟ್ ಚರ್ಚು. ಇದೇ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು, ಯಾಕಂದರೆ ಇಲ್ಲಿ ಮೋಸ ಜಾಸ್ತಿ. ತಿರುಚಿದ ಅಮೃತಶಿಲೆಯ ಕಂಬಗಳು ಅಂತ ಮುಟ್ಟಿದರೆ, ಅದು ಬಣ್ಣ ಕಲಸಿದ ಗಾರೆ. ಮೇಲೆ ನೋಡಿದರೆ ಎತ್ತರದ ಗುಮ್ಮಟ, ಬೆಳಕು ಇಳಿಯುತ್ತಿದೆ. ಆದರೆ ಗುಮ್ಮಟವೇ ಇಲ್ಲ! 1700ರ ದಶಕದ ಮೊದಲಲ್ಲಿ ಆಂದ್ರೆಯಾ ಪೊಜ್ಜೋ ಅನ್ನುವ ಜೆಸ್ಯೂಟ್ ಸಂಘದ ಚಿತ್ರಗಾರ ಬರೆದ ಚಿತ್ರ ಅದು. ನೆಲದ ಮೇಲೆ ಗುರುತಿರುವ ಒಂದು ಜಾಗದಲ್ಲಿ ನಿಂತರೆ ಗುಮ್ಮಟ. ನಾಲ್ಕು ಹೆಜ್ಜೆ ಸರಿದರೆ ಎಲ್ಲ ಸೊಟ್ಟ.

ಅಮ್ಮನನ್ನು ಆ ಗುರುತಿನ ಮೇಲೆ ನಿಲ್ಲಿಸಿದೆ. ಕತ್ತೆತ್ತಿ ನೋಡಿದಳು. ಪಕ್ಕಕ್ಕೆ ಸರಿದು ನೋಡಿದಳು. ವಾಪಸ್ ಬಂದು ನಿಂತಳು.

'ಜಾಣ ಕಣೋ,' ಅಂದಳು, 'ಜೇಡರ ಬಲೆ ತೆಗೆಯೋ ಕೆಲಸವನ್ನೇ ಇಟ್ಟಿಲ್ಲ.'