ಕುಂಡದಲ್ಲಿ ಬಾಡಿಗೆ ಕೊಡದ ಬಿಡಾರ

ರೆಪ್ಪೆ ಬಡಿಯುವಷ್ಟರಲ್ಲಿ ನೊಣ ಹಿಡಿಯುವ ಗಿಡ ಅಂತ ವೀನಸ್ ಫ್ಲೈಟ್ರ್ಯಾಪ್‌ಗೆ ದುಡ್ಡು ಸುರಿದು ತಂದರೆ, ಅದರ ಬುಡದಲ್ಲೇ ಪಾಚಿಯಂಥ ಚಪ್ಪಟೆ ಸಸ್ಯ ಲಿವರ್‌ವರ್ಟ್ ಚಾಪೆ ಹಾಸಿ ಮಲಗಿದೆ. ಅಡ್ವಾನ್ಸಿಲ್ಲ, ಬಾಡಿಗೆಯಿಲ್ಲ. ಪಿಯುಸಿಯಲ್ಲಿ ಮಾರ್ಕಾಂಶಿಯಾ ಅಂತ ರೆಕಾರ್ಡ್ ಪುಸ್ತಕದಲ್ಲಿ ಚಿತ್ರ ಬರೆದು ಅಂಕ ಗಿಟ್ಟಿಸಿದ್ದೆವಲ್ಲ, ಅದೇ. ಈಗ ಬಡ್ಡಿ ಸಮೇತ ವಸೂಲಿಗೆ ಬಂದಿದೆ.

ಕರೆದವರೂ ನಾವೇ. ಪೀಟ್ ಎಂಬ ಕೊಳೆತ ಪಾಚಿಯ ಮಣ್ಣು, ಪರ್ಲೈಟ್ ಎಂಬ ಹಗುರ ಬಿಳಿ ಹರಳು, ತಟ್ಟೆಯಲ್ಲಿ ಎರಡಿಂಚು ನೀರು, ಅದೂ ಟಿಡಿಎಸ್ (ಕರಗಿದ ಲವಣದ ಅಳತೆ) 50 ದಾಟದ ಆರ್‌ಒ ನೀರು. ಗಿಡಕ್ಕೆಂದು ಮಾಡಿದ ಉಪಚಾರವೆಲ್ಲ ಇದಕ್ಕೂ ಸಂದಿತು. ಪಕ್ಕದ ಗುಲಾಬಿಯ ಗೊಬ್ಬರದ ನೀರು ಸಿಡಿದರಂತೂ ಗಿಡ ಸೊರಗುತ್ತದೆ, ಇದು ಮೈ ತುಂಬಿಕೊಳ್ಳುತ್ತದೆ.

ಮೇಲ್ಮೈಯಲ್ಲಿ ಪುಟ್ಟ ಬಟ್ಟಲುಗಳಿರುತ್ತವೆ, ಒಳಗೆ ಹಸಿರು ಕಾಳು. ಒಂದು ಹನಿ ಬಿದ್ದರೆ ಸಾಕು, ಕಾಳು ಪಕ್ಕದ ಕುಂಡಕ್ಕೆ ಹಾರುತ್ತದೆ. ಹನಿಗೇನು ಬರ? ಪ್ರತಿ ಮನೆಯಲ್ಲೂ ಸ್ಪ್ರೇ ಬಾಟಲಿ ಹಿಡಿದು ಸಂಜೆ ಬಾಲ್ಕನಿಗೆ ಬರುವವರೊಬ್ಬರು ಇದ್ದೇ ಇರುತ್ತಾರೆ. "ಪಾಪ, ಒಣಗಿತ್ತು" ಅನ್ನುತ್ತಾರೆ. ನೀರನ್ನು ತಟ್ಟೆಗೆ ಮಾತ್ರ ಹಾಕಿ ಅಂತ ಚೀಟಿ ಅಂಟಿಸಿದರೆ ಚೀಟಿಗೂ ಒಂದು ಸ್ಪ್ರೇ.

ವಿನೆಗರ್, ಅಡುಗೆ ಸೋಡಾ ಅಂತ ಸಲಹೆ ಕೊಡುವವರಿಗೆ ಕೈ ಮುಗಿಯಿರಿ. ಪೀಟಿಗಿಳಿದರೆ ಮೊದಲು ಬೇರು ಹೋಗುತ್ತದೆ. ಮೇಲಿನ ಒಂದು ಸೆಂಟಿಮೀಟರ್ ಪೀಟನ್ನು ಚಮಚದಲ್ಲಿ ಕೆರೆದು ತೆಗೆದು, ತೊಳೆದ ಸಿಲಿಕಾ ಮರಳನ್ನು ಅಷ್ಟೇ ದಪ್ಪಕ್ಕೆ ಹರಡಿ. ಗಿಡದ ನಡು ಸುಳಿ ಮುಚ್ಚಬಾರದು, ಕಟ್ಟಡದ ಮರಳಂತೂ ಬೇಡವೇ ಬೇಡ. ತಟ್ಟೆಯ ನೀರನ್ನು ಅರ್ಧ ಇಂಚಿಗಿಳಿಸಿ, ಕುಂಡವನ್ನು ಬಿಸಿಲಿಗೆ ಸರಿಸಿ. ದೊಡ್ಡ ಗಿಡಕ್ಕೆ ಲಿವರ್‌ವರ್ಟ್ ಬರೀ ಕಿರಿಕಿರಿ. ಡ್ರಾಸೆರಾ ಎಂಬ ಅಂಟೆಲೆಯ ಕೀಟಾಹಾರಿ ಗಿಡದ ಮರಿಗಳಿಗೆ ಮಾತ್ರ ಅದೇ ಚಾಪೆ ಸಮಾಧಿ. ಅಲ್ಲಿ ಕೆರೆಯುವ ಹಾಗಿಲ್ಲ, ಚಿಮಟವೇ ಗತಿ.

ಕರಾವಳಿಯ ಮುರಕಲ್ಲು ಬಯಲಲ್ಲಿ ಡ್ರಾಸೆರಾಗೆ ಈ ಗೋಳಿಲ್ಲ. ಮಳೆ ಮುಗಿದ ಮೇಲೆ ಕೆಂಪಗೆ ಮಿನುಗಿ, ಬೀಜ ಉದುರಿಸಿ, ಬಿಸಿಲಿಗೆ ನೆಲದೊಂದಿಗೆ ತಾನೂ ಒಣಗುತ್ತದೆ. ಕುಂಡಕ್ಕೆ ನಾವು ಬೇಸಿಗೆಯನ್ನೇ ಬರಗೊಡುವುದಿಲ್ಲ.

ಇನ್ನು ಫ್ಲೈಟ್ರ್ಯಾಪ್ ಕುಂಡಕ್ಕೆ ಚಿಮಟ ಇಳಿಸುವ ಸಾಹಸ. ಉಸಿರು ಬಿಗಿಹಿಡಿದು, ಚಾಪೆಯ ಅಂಚು ಹಿಡಿದು, ಬೇರಿನಂಥ ಎಳೆಗಳ ಸಮೇತ ಮೆಲ್ಲಗೆ ಎತ್ತಬೇಕು. ಎತ್ತುವಾಗ ಚಿಮಟ, ನೊಣ ಹಿಡಿಯುವ ಬಾಯಿಯಂಥ ಎಲೆಬಲೆಯೊಳಗಿನ ಕೂದಲಿಗೆ ತಾಗುತ್ತದೆ. ಒಂದು ಸಲಕ್ಕೆ ಏನೂ ಆಗುವುದಿಲ್ಲ. ಬೆಚ್ಚಿ ಕೈ ಹಿಂದೆಗೆಯುವಾಗ ಇನ್ನೊಮ್ಮೆ ತಾಗುತ್ತದೆ. ಇಪ್ಪತ್ತು ಸೆಕೆಂಡಿನೊಳಗೆ ಎರಡು ಸಲ ತಾಗಿದರೆ ಅದರ ಲೆಕ್ಕದಲ್ಲಿ ನೊಣ! ಗಬಕ್ಕನೆ ಬಾಯಿ ಮುಚ್ಚಿತು. ತಿಂಗಳಿಂದ ಮೂಗಿನಡಿಯೇ ಮಲಗಿದ್ದವನನ್ನು ಬಿಟ್ಟು, ಬಿಡಿಸಲು ಬಂದ ಚಿಮಟವನ್ನು ಹಿಡಿದ ಶೂರ. ಎಳೆದರೆ ಬಲೆ ಹರಿಯುತ್ತದೆ. ಬಿಟ್ಟರೆ ಚಿಮಟ ಅಲ್ಲೇ ನೇತಾಡುತ್ತದೆ. ಬಲೆಗೂ ಇಂಥ ಸುಳ್ಳು ಊಟ ಹಲವು ಸಲ ತಾಳುವ ಶಕ್ತಿಯಿಲ್ಲ. ಹೇಗೋ ನುಸುಳಿಸಿ ಚಿಮಟ ಹೊರತೆಗೆದರೆ, ತುದಿಯ ಲಿವರ್‌ವರ್ಟ್ ತುಂಡು ಬಲೆಯೊಳಗೇ ಉಳಿಯುತ್ತದೆ. ಒಂದೆರಡು ದಿನಕ್ಕೆ ಬಾಯಿ ಬಿಟ್ಟಾಗ ನೋಡಿ: ಹಸಿರಾಗಿ, ತಂಪಾಗಿ, ಒಳ್ಳೇ ಕೋಣೆ ಸಿಕ್ಕವರ ಹಾಗೆ ಕೂತಿರುತ್ತದೆ.