ಕತ್ತು ಉಜ್ಜಬೇಡಿ, ಡಾಕ್ಟರಿಗೆ ತೋರಿಸಿ

ಮಗುವಿನ ಕತ್ತಿನ ಹಿಂದೆ ಕಪ್ಪಗೆ, ಮುಟ್ಟಿದರೆ ಮಖಮಲ್ಲಿನ ಹಾಗೆ ದಪ್ಪಗಾಗಿರುವ ಪಟ್ಟಿ ಇರುತ್ತದಲ್ಲ, ಅದನ್ನು ಎಷ್ಟೋ ಮನೆಗಳಲ್ಲಿ ಕೊಳೆ ಅಂದುಕೊಂಡು ಕಡಲೆಹಿಟ್ಟು, ನಿಂಬೆಹಣ್ಣು ಹಾಕಿ ಉಜ್ಜುತ್ತಾರೆ. ಚರ್ಮ ಕೆಂಪಾಗುತ್ತದೆ, ಮಗು ಅಳುತ್ತದೆ, ಕಪ್ಪು ಮಾತ್ರ ಹೋಗಲ್ಲ. ಅದು ಕೊಳೆ ಆಗಿದ್ದರೆ ತಾನೇ ಹೋಗೋದು! ದಪ್ಪ ಇರುವ ಮಕ್ಕಳಲ್ಲಿ ಅದು ಸಾಮಾನ್ಯವಾಗಿ ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅನ್ನುವುದರ ಗುರುತು. ಡಾಕ್ಟರುಗಳು ಅಕಾಂಥೋಸಿಸ್ ನೈಗ್ರಿಕಾನ್ಸ್ ಅಂತಾರೆ. ಶುಗರ್ ಬರುವುದಕ್ಕೆ ಮುಂಚೆಯೇ ಕಾಣಿಸಿಕೊಳ್ಳಬಹುದು. ಕಂಕುಳನ್ನೂ ಒಮ್ಮೆ ನೋಡಿ.

ನಮ್ಮಲ್ಲಿ ಮಗು ಗುಂಡುಗುಂಡಾಗಿದ್ದರೆ ಚೆನ್ನಾಗಿ ಸಾಕಿದ್ದಾರೆ ಅಂತ ಲೆಕ್ಕ. ಸ್ವಲ್ಪ ಇಳಿದರೆ ಸಾಕು, 'ಯಾಕೆ ಇಷ್ಟು ಸೊರಗಿದ್ದಾನೆ, ಊಟ ಹಾಕಲ್ವಾ' ಅಂತ ಮದುವೆಮನೆಯಲ್ಲಿ ಎಲ್ಲರೆದುರು ಅಮ್ಮನನ್ನೇ ಹಿಡಿದು ಕೇಳುತ್ತಾರೆ. (ಅಪ್ಪನನ್ನು ಯಾರೂ ಕೇಳಲ್ಲ, ಬಿಡಿ.) ರಾತ್ರಿ ಗೊರಕೆ ಹೊಡೆದರೆ 'ಥೇಟ್ ಅವರಪ್ಪ' ಅಂತ ನಗು. ದಪ್ಪ ಇರುವ ಮಗುವಿಗೆ ದಿನಾ ಗೊರಕೆ, ನಿದ್ದೆಯಲ್ಲಿ ಉಸಿರು ಕಟ್ಟಿದ ಹಾಗಾಗೋದು, ಕ್ಲಾಸಲ್ಲಿ ತೂಕಡಿಕೆ, ಮಂಡಿನೋವು ಇವೆಲ್ಲ ತೋರಿಸಿಕೊಳ್ಳಬೇಕಾದ ತೊಂದರೆಗಳು. ಲಿವರಿನಲ್ಲಿ ಕೊಬ್ಬು ಸೇರೋದು, ಬಿಪಿ ಏರೋದು ಹೊರಗೆ ಗೊತ್ತೂ ಆಗಲ್ಲ.

ಆರು ವರ್ಷ ದಾಟಿದ ಮಗುವಿಗೆ ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಅದರ ಎತ್ತರದಷ್ಟು ದಾರ ತಗೊಂಡು, ಅರ್ಧಕ್ಕೆ ಮಡಚಿ, ಹೊಟ್ಟೆ ಸುತ್ತ ಹಿಡಿಯಿರಿ. ತುದಿಗಳು ಕೂಡದಿದ್ದರೆ ಹೊಟ್ಟೆಯ ಬೊಜ್ಜು ಜಾಸ್ತಿಯಾಗಿರಬಹುದು, ಮಕ್ಕಳ ಡಾಕ್ಟರ ಹತ್ತಿರ ಹೋಗಿ.

ಹಾಗಂತ ಮಗುವನ್ನು ಉಪವಾಸ ಕೆಡವಬೇಡಿ. ಬೆಳೆಯುವ ವಯಸ್ಸು, ಎಷ್ಟೋ ಮಕ್ಕಳಿಗೆ ತೂಕ ಏರದೆ ನಿಂತರೆ ಸಾಕು, ಎತ್ತರ ಬಂದ ಹಾಗೆ ಸರಿಹೋಗುತ್ತದೆ. ನನಗೆ ಸಿಟ್ಟು ಬರೋದು ಎಲ್ಲಿ ಅಂದ್ರೆ, ಮನೆಮಂದಿಯೆಲ್ಲ ಟಿವಿ ಮುಂದೆ ಕೂತು ಚಿಪ್ಸ್ ತಿನ್ನುತ್ತಾ ಆ ಮಗುವಿಗೊಂದಕ್ಕೆ ಸೌತೆಕಾಯಿ ಕೊಟ್ಟು, ಜೊತೆಗೆ 'ಡುಮ್ಮ' ಅಂತ ಕರೆಯೋದು. ಬದಲಾಗೋದಾದರೆ ಇಡೀ ಮನೆ ಬದಲಾಗಲಿ. ಮೊದಲು ಬಾಟಲಿ ಜ್ಯೂಸು, ಕೋಲಾ ತರೋದು ನಿಲ್ಲಿಸಿ. 300 ಎಂಎಲ್ ಕೋಲಾದಲ್ಲಿ ಸುಮಾರು ಎಂಟು ಚಮಚ ಸಕ್ಕರೆ ಇರುತ್ತದೆ, ಅಷ್ಟು ಹಾಕಿದ ಕಾಫಿ ನೀವು ಕುಡೀತೀರಾ? ದಿನಕ್ಕೆ ಒಂದು ಗಂಟೆ ಮೈ ಬೆವರುವ ಹಾಗೆ ಆಟ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ನಾವು ಆ ಒಂದು ಗಂಟೆಗೂ ಟ್ಯೂಷನ್ ಹಾಕಿದ್ದೇವೆ.

ಇನ್ನು ಶಾಲೆ. ಕೊಬ್ಬು, ಉಪ್ಪು, ಸಕ್ಕರೆ ಜಾಸ್ತಿ ಇರುವ ತಿಂಡಿಯನ್ನು ಶಾಲೆಯೊಳಗೆ, ಗೇಟಿನಿಂದ 50 ಮೀಟರ್ ಒಳಗೆ ಮಾರಬಾರದು ಅಂತ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2020ರಲ್ಲೇ ನಿಯಮ ಮಾಡಿದೆ. ಮುಂದಿನ ಪೇರೆಂಟ್ಸ್ ಮೀಟಿಂಗಲ್ಲಿ ಮಾರ್ಕ್ಸ್ ಬಗ್ಗೆ ಕೇಳಿ ಆದಮೇಲೆ ಇದನ್ನೂ ಒಂದು ಮಾತು ಕೇಳಿ.