ಬಡ್ಡಿಯ ಕಥೆ ಸಾಕು, ಗೋಡೆ ನೋಡಲು ಬಿಡಿ

ಇಟಲಿಯ ಪಾದುವಾದಲ್ಲಿ, ಚಿತ್ರಕಾರ ಜೊತ್ತೊ ಗೋಡೆ ತುಂಬ ಚಿತ್ರ ಬರೆದ ಸ್ಕ್ರೊವೆನ್ಯಿ ಚಾಪೆಲಿನ, ಅಂದರೆ ಪುಟ್ಟ ಪ್ರಾರ್ಥನಾಮಂದಿರದ, ಹೊರಗಿನ ತೋಟದ ಬೆಂಚಿನ ಮೇಲೆ ಕುಳಿತು ಇದನ್ನು ಬರೆಯುತ್ತಿದ್ದೇನೆ. ಒಳಗಿನಿಂದ ಬಂದು ಒಂದು ಗಂಟೆ ಕಳೆಯಿತು. ಸಿಟ್ಟು ಇಳಿದಿಲ್ಲ. "ಅಮ್ಮಾ, ಅಷ್ಟು ದೂರದಿಂದ ಬಂದು ಹೀಗೆ ಮುಖ ಗಂಟು ಹಾಕಿಕೊಂಡು ಕೂರಬೇಡ" ಎಂದು ಹೇಳಿ ಮಗಳು ಕಾಫಿ ತರಲು ಹೋಗಿದ್ದಾಳೆ. ಅವಳು ಬರುವಷ್ಟರಲ್ಲಿ ಮುಗಿಯುವ ಮಾತಲ್ಲ ಇದು.

ಈ ಚಾಪೆಲಿಗಾಗಿ ನಾನು ಎಷ್ಟು ವರ್ಷ ಕಾದಿದ್ದೆ ಎಂಬುದು ನಿಮ್ಮಲ್ಲಿ ಹಲವರಿಗೆ ಗೊತ್ತು. ಬ್ಯಾಂಕಿನಲ್ಲಿ ನನ್ನ ಮೇಜಿನ ಗಾಜಿನ ಕೆಳಗೆ ಹಳೆಯ ಕ್ಯಾಲೆಂಡರಿನಿಂದ ಕತ್ತರಿಸಿದ ಒಂದು ಚಿತ್ರವಿತ್ತು. ಊರಬಾಗಿಲ ಮುಂದೆ ಮುದುಕ ದಂಪತಿ ಒಬ್ಬರನ್ನೊಬ್ಬರು ಅಪ್ಪಿಕೊಂಡು ಮುತ್ತಿಡುವ ಚಿತ್ರ. ಯೇಸುವಿನ ತಾಯಿ ಮರಿಯಳ ತಂದೆತಾಯಿ, ಜೋಕಿಮ್ ಮತ್ತು ಅನ್ನಾ. ಮಕ್ಕಳಿಲ್ಲವೆಂದು ದೇವಾಲಯದಿಂದ ಹೊರಹಾಕಿಸಿಕೊಂಡ ಗಂಡ, ಶುಭವಾರ್ತೆ ಕೇಳಿ ಮರಳಿ ಬಂದಾಗ ಹೆಂಡತಿ ಅವನ ಮುಖವನ್ನು ಎರಡೂ ಕೈಗಳಲ್ಲಿ ಹಿಡಿದಿದ್ದಾಳೆ. ಸಾಲದ ಅರ್ಜಿ ಹಿಡಿದು ಬಂದವರು ಸಹಿ ಹಾಕುವ ಮುನ್ನ ಆ ಚಿತ್ರ ನೋಡಿ ಇವರು ಯಾರೆಂದು ಕೇಳುತ್ತಿದ್ದರು. ಆ ಇಬ್ಬರೂ ಇರುವುದು ಇದೇ ಗೋಡೆಯ ಮೇಲೆ.

ಇಲ್ಲಿ ನೋಡುವ ಕ್ರಮವೇ ಬೇರೆ. ಒಂದು ಸಲಕ್ಕೆ ಇಪ್ಪತ್ತೈದು ಜನ. ಮೊದಲು ಒಂದು ಗಾಜಿನ ಕೋಣೆಯಲ್ಲಿ ಹದಿನೈದು ನಿಮಿಷ ಕೂರಿಸುತ್ತಾರೆ. ನಮ್ಮ ಬಟ್ಟೆಯ ದೂಳು, ನಮ್ಮ ಬೆವರು, ಹೊರಗಿನ ತೇವ ಒಳಗೆ ಹೋಗಬಾರದೆಂದು ಅಲ್ಲಿ ಗಾಳಿಯನ್ನು ಹದಗೊಳಿಸುತ್ತಾರೆ. ಆಮೇಲೆ ಬಾಗಿಲು ತೆರೆಯುತ್ತದೆ. ಒಳಗೆ ಮತ್ತೆ ಹದಿನೈದು ನಿಮಿಷ, ಅಷ್ಟೆ. ಏಳು ನೂರು ವರ್ಷ ಉಳಿದು ಬಂದ ಬಣ್ಣವದು. ಕೂಗಳತೆಯ ದೂರದಲ್ಲಿರುವ ಎರೆಮಿತಾನಿ ಚರ್ಚಿನ ಮೇಲೆ 1944ರ ಮಾರ್ಚ್ 11ರಂದು ಬಾಂಬು ಬಿದ್ದು, ಚಿತ್ರಕಾರ ಮಾಂತೆನ್ಯಾ ಬರೆದ ಗೋಡೆಗಳು ಚೂರುಚೂರಾದವು. ಈ ಗೋಡೆ ಅಂದು ಉಳಿಯಿತು. ಅದಕ್ಕಾಗಿ ಹದಿನೈದು ನಿಮಿಷವಲ್ಲ, ಐದು ನಿಮಿಷ ಕೊಟ್ಟರೂ ನಾನು ಜಗಳ ಮಾಡುವವಳಲ್ಲ. ಸಮಯದ ಬಗ್ಗೆ ನನ್ನ ತಕರಾರಿಲ್ಲ. ಆ ಸಮಯವನ್ನು ನಮ್ಮ ಕೈಯಿಂದ ಕಿತ್ತುಕೊಂಡ ಕಥೆಯ ಬಗ್ಗೆ ತಕರಾರು.

ಗಾಜಿನ ಕೋಣೆಯಲ್ಲಿ ಚಾಪೆಲಿನ ಬಗ್ಗೆ ಒಂದು ವಿಡಿಯೊ ಓಡುತ್ತಿತ್ತು. ನಮ್ಮೊಂದಿಗಿದ್ದ ಗುಂಪಿನ ಮಾರ್ಗದರ್ಶಿ ಅದನ್ನು ನೋಡಲು ಬಿಡಲಿಲ್ಲ. "ಇದು ಬಡ್ಡಿ ದುಡ್ಡಿನಲ್ಲಿ ಕಟ್ಟಿದ ದೇವರ ಮನೆ" ಎಂದು ಶುರು ಮಾಡಿದ. ಎನ್ರಿಕೊ ಸ್ಕ್ರೊವೆನ್ಯಿಯ ಅಪ್ಪ ರೆಜಿನಾಲ್ದೊ ದೊಡ್ಡ ಬಡ್ಡಿ ವ್ಯಾಪಾರಿ. ಬಡ್ಡಿ ಪಾಪವೆನಿಸಿದ್ದ ಕಾಲ; ಅವನನ್ನು ಕವಿ ಡಾಂಟೆ ತನ್ನ ಕಾವ್ಯದ ನರಕಕ್ಕೆ ಹಾಕಿದ. ಮಗ ಹೆದರಿ ಸ್ವರ್ಗಕ್ಕೆ ಲಂಚ ಕೊಡಲು ಈ ಚಾಪೆಲು ಕಟ್ಟಿಸಿದ. "ಒಳಗೆ ಹೋದ ಕೂಡಲೇ ಅವನನ್ನು ಹುಡುಕಿ, ನೇರಳೆ ಬಟ್ಟೆ ಹಾಕಿಕೊಂಡು ಮಂಡಿಯೂರಿದ್ದಾನೆ" ಎಂದ. ಎಲ್ಲರೂ ನಕ್ಕರು. ಬಾಗಿಲು ತೆರೆದದ್ದೇ ತಡ, ಹತ್ತು ಹನ್ನೆರಡು ಜನ ಪಶ್ಚಿಮದ ಗೋಡೆಯ ಕಡೆಗೆ ಧಾವಿಸಿದರು. ಅಂತಿಮ ತೀರ್ಪಿನ ಆ ದೊಡ್ಡ ಚಿತ್ರದ ಬುಡದಲ್ಲಿ ಎನ್ರಿಕೊ ಸಿಕ್ಕಿದ. ಬೆರಳು ತೋರಿಸಿದ್ದಾಯಿತು, ಪಿಸುಮಾತಾಯಿತು, ನಗೆಯಾಯಿತು. ಅದೇ ಗೋಡೆಯ ಮೇಲ್ತುದಿಯಲ್ಲಿ ಇಬ್ಬರು ದೇವದೂತರು ಆಕಾಶವನ್ನೇ ಚಾಪೆ ಸುತ್ತುವಂತೆ ಸುತ್ತುತ್ತಿದ್ದಾರೆ. ಕತ್ತೆತ್ತಿ ಅದನ್ನು ನೋಡಿದವರು ಎಷ್ಟು ಮಂದಿ? ನಾನು ಅಲ್ಲೇ ನಿಂತು ನೋಡಿದೆ. ಇಬ್ಬರು, ಬಹುಶಃ ಮೂವರು.

ಆ ಕಥೆಯೂ ಮಾರ್ಗದರ್ಶಿ ಹೇಳಿದಷ್ಟು ನೇರವಾಗಿಲ್ಲ. ಎನ್ರಿಕೊ ಈ ಜಾಗ ಕೊಂಡದ್ದು 1300ರಲ್ಲಿ. ಹಳೆಯ ರೋಮನ್ ಬಯಲು ರಂಗಮಂದಿರದ ನೆಲ ಇದು. ಚಾಪೆಲಿನ ಪ್ರತಿಷ್ಠೆ ನಡೆದದ್ದು 1305ರ ಮಾರ್ಚ್ 25ರಂದು. ವಿದ್ವಾಂಸರ ಲೆಕ್ಕದಲ್ಲಿ ಡಾಂಟೆ ನರಕದ ಸಾಲುಗಳನ್ನು ಬರೆದದ್ದು ಅದರ ನಂತರ. ಅಲ್ಲಿಯೂ ರೆಜಿನಾಲ್ದೊ ಎಂಬ ಹೆಸರಿಲ್ಲ. ಪಾದುವಾದ ಒಬ್ಬ ಬಡ್ಡಿಕೋರನ ಕೊರಳಲ್ಲಿ ಜೋತುಬಿದ್ದ ಬಿಳಿ ಚೀಲದ ಮೇಲೆ ಗಬ್ಬದ ನೀಲಿ ಹಂದಿಯ ಲಾಂಛನವಿದೆ, ಅಷ್ಟೆ. ಆ ಲಾಂಛನ ಸ್ಕ್ರೊವೆನ್ಯಿ ಮನೆತನದ್ದು. ಅಪ್ಪನಿಗೆ ಡಾಂಟೆ ಕೊಟ್ಟ ಶಿಕ್ಷೆ ಓದಿ ಮಗ ಹೆದರಿ ಕಟ್ಟಿಸಿದ ಎಂದರೆ, ಬರೆಯುವ ಮೊದಲೇ ಓದಿದ ಎಂದ ಹಾಗಾಗುತ್ತದೆ. ಪಾಪಪರಿಹಾರದ ವಿವರಣೆಯನ್ನೇ ಒಪ್ಪದ ವಿದ್ವಾಂಸರೂ ಇದ್ದಾರೆ. ನೆರೆಯ ಎರೆಮಿತಾನಿಯ ಸನ್ಯಾಸಿಗಳಂತೂ 1305ರ ಜನವರಿಯಲ್ಲಿಯೇ ದೂರು ಕೊಟ್ಟಿದ್ದರು: ಮನೆಯವರ ಪ್ರಾರ್ಥನೆಗೆಂದು ಅನುಮತಿ ಪಡೆದು ಗಂಟೆಗೋಪುರವಿರುವ ದೊಡ್ಡ ಚರ್ಚನ್ನೇ ಕಟ್ಟುತ್ತಿದ್ದಾನೆ, ಇದು ಆಡಂಬರ, ಎಂದು. ಅಕ್ಕಪಕ್ಕದವರ ಕಣ್ಣಿಗೆ ಅಂದು ಕಂಡದ್ದು ಪಶ್ಚಾತ್ತಾಪವಲ್ಲ. ಇದೆಲ್ಲ ಇಷ್ಟು ಸಿಕ್ಕುಸಿಕ್ಕಾಗಿರುವಾಗ ಅರ್ಧ ನಿಮಿಷದ ನಗೆಗೆ ಸಾಲುವಂತೆ ಕತ್ತರಿಸಿ ಕೊಡುವುದೇಕೆ?

ಜೊತ್ತೊ ಮತ್ತು ಅವನ ಜೊತೆಗಾರರು ಈ ಕೆಲಸ ಮಾಡಿದ ಬಗೆಯನ್ನಾದರೂ ಹೇಳಬಹುದಿತ್ತು. ಅಂದು ಎಷ್ಟು ಬರೆಯಲು ಸಾಧ್ಯವೋ ಅಷ್ಟೇ ಜಾಗಕ್ಕೆ ಬೆಳಿಗ್ಗೆ ಸುಣ್ಣದ ಹಸಿ ಗಾರೆ ಮೆತ್ತಬೇಕು. ಗಾರೆ ಒಣಗುವ ಮುನ್ನ ಬಣ್ಣ ಹಚ್ಚಿ ಮುಗಿಸಬೇಕು. ಸುಣ್ಣ ಗಾಳಿಯ ಇಂಗಾಲದ ಡೈ ಆಕ್ಸೈಡನ್ನು ಹೀರಿ ಗಟ್ಟಿಯಾಗುವಾಗ ಬಣ್ಣವೂ ಗೋಡೆಯೊಳಗೇ ಸೇರಿಹೋಗುತ್ತದೆ. ತಪ್ಪಾದರೆ ಆ ತುಂಡನ್ನೇ ಕಿತ್ತು ಮತ್ತೆ ಗಾರೆ ಮೆತ್ತಬೇಕು. ಒಂದು ದಿನಕ್ಕೆ ಒಂದು ತುಂಡು. ಅಂಥ ತುಂಡುಗಳ ಅಂಚು ಹಿಡಿದು ಎಣಿಸಿದವರು ಇಲ್ಲಿ 625 ದಿನಗಳ ಕೆಲಸ ಕಂಡಿದ್ದಾರೆ. ನೀಲಿ ಮಾತ್ರ ಹಸಿ ಸುಣ್ಣಕ್ಕೆ ಒಗ್ಗದ ಬಣ್ಣ. ಗಾರೆ ಒಣಗಿದ ಮೇಲೆ ಅಂಟಿನಲ್ಲಿ ಕಲಸಿ ಹಚ್ಚಿದ್ದು. ಅದಕ್ಕೇ ಮರಿಯಳ ನಿಲುವಂಗಿಯ ನೀಲಿ ಹಲವು ಕಡೆ ಉದುರಿದೆ. ಚಿನ್ನದ ನಕ್ಷತ್ರಗಳ ಛಾವಣಿಯ ಕೆಳಗೆ ನಿಂತು ಆ ಉದುರಿದ ನೀಲಿಯನ್ನು ನೋಡಿದಾಗ, ಒಬ್ಬ ಮನುಷ್ಯ ಮರದ ಅಟ್ಟಣಿಗೆಯ ಮೇಲೆ ನಿಂತು ಗಾರೆ ಆರುವ ಮೊದಲು ಮುಗಿಸಬೇಕೆಂಬ ಆತುರದಲ್ಲಿ ಉಸಿರು ಬಿಗಿಹಿಡಿದದ್ದು ನನಗೆ ಕಣ್ಣಿಗೆ ಕಟ್ಟಿತು.

ಮಂಗಳೂರಿನವರಿಗೆ ಇದು ತೀರ ಹೊರಗಿನ ಮಾತಲ್ಲ. ನಮ್ಮ ಸಂತ ಅಲೋಶಿಯಸ್ ಚಾಪೆಲಿನ ಗೋಡೆ ಛಾವಣಿಗಳನ್ನೆಲ್ಲ ತುಂಬಿದವರು ಇಟಲಿಯ ಬೆರ್ಗಮೊ ಕಡೆಯಿಂದ ಬಂದ ಜೆಸ್ವಿತ್ ಸಹೋದರ ಅಂತೋನಿಯೊ ಮೊಸ್ಕೆನಿ. 1900ರ ಆಸುಪಾಸಿನಲ್ಲಿ. ಶಾಲೆಯಿಂದ ನಮ್ಮನ್ನು ಸಾಲಾಗಿ ಕರೆದುಕೊಂಡು ಹೋಗಿದ್ದರು. ಒಳಗೆ ಕಾಲಿಟ್ಟ ಮೇಲೆ ನಾವು ಕೇಳಿದ ಮೊದಲ ಪ್ರಶ್ನೆ, ಅಷ್ಟು ಎತ್ತರದಲ್ಲಿ ಅವರು ಮಲಗಿಕೊಂಡು ಬರೆದರೋ ನಿಂತು ಬರೆದರೋ ಎಂದು. ಕಟ್ಟಡಕ್ಕೆ ದುಡ್ಡು ಕೊಟ್ಟವರು ಯಾರು, ಅವರ ಅಪ್ಪನ ಉದ್ಯೋಗವೇನು ಎಂದು ಒಬ್ಬ ಹುಡುಗಿಯೂ ಕೇಳಲಿಲ್ಲ. ಹತ್ತು ವರ್ಷದ ಮಕ್ಕಳು ನೋಡಿದ ಹಾಗೆ ನೋಡಲು ದೊಡ್ಡವರಿಗೆ ಹದಿನೈದು ನಿಮಿಷವೂ ಬಿಡುವಿಲ್ಲ.

ಮಗಳು ಒಪ್ಪುವುದಿಲ್ಲ. "ಅಮ್ಮಾ, ಹಣದ ಮಾತು ಗೋಡೆಯ ಮೇಲೇ ಇದೆಯಲ್ಲ. ಮಾರ್ಗದರ್ಶಿ ಅದನ್ನು ಹೇಳಿದರೆ ತಪ್ಪೇನು? ಕಥೆ ಇಲ್ಲದಿದ್ದರೆ ಜನರಿಗೆ ಎಲ್ಲ ಚಿತ್ರವೂ ಒಂದೇ ತರಹ ಕಾಣುತ್ತದೆ" ಎನ್ನುತ್ತಾಳೆ. ಗೋಡೆಯ ಮೇಲೆ ಇರುವುದು ನಿಜ. ಯೇಸುವನ್ನು ಹಿಡಿದುಕೊಟ್ಟ ಶಿಷ್ಯ ಯೂದ ದುಡ್ಡಿನ ಚೀಲ ಹಿಡಿದು ನಿಂತಿದ್ದಾನೆ, ಅವನ ಬೆನ್ನಿಗೆ ಕಪ್ಪು ಪಿಶಾಚಿ ಅಂಟಿಕೊಂಡಿದೆ. ಯೇಸು ದೇವಾಲಯದಿಂದ ವ್ಯಾಪಾರಿಗಳನ್ನು ಓಡಿಸುತ್ತಿದ್ದಾನೆ. ಗೋಡೆಯ ಕೆಳಗಿನ ಪಟ್ಟಿಯಲ್ಲಿ ಬಣ್ಣವಿಲ್ಲದೆ, ಕಲ್ಲಿನ ವಿಗ್ರಹದಂತೆ ಬರೆದ ದಯೆ ಎಂಬ ಹೆಣ್ಣು ಹಣದ ಚೀಲಗಳ ಮೇಲೆಯೇ ಕಾಲಿಟ್ಟು ನಿಂತಿದ್ದಾಳೆ. ಎದುರಿನ ಮತ್ಸರ ಎಂಬ ಹೆಣ್ಣಿನ ಬಾಯಿಂದ ಹೊರಟ ಹಾವು ತಿರುಗಿ ಅವಳ ಕಣ್ಣಿಗೇ ಕಚ್ಚಲು ಬರುತ್ತಿದೆ, ಕಾಲ ಬುಡದಲ್ಲಿ ಬೆಂಕಿ, ಆದರೂ ಕೈಯಲ್ಲಿನ ಚೀಲ ಬಿಟ್ಟಿಲ್ಲ. ಅಂತಿಮ ತೀರ್ಪಿನ ಚಿತ್ರದ ನರಕದಲ್ಲಿ ಬಡ್ಡಿಕೋರರು ತಮ್ಮ ಚೀಲದ ದಾರಕ್ಕೇ ನೇಣು ಬಿದ್ದಿದ್ದಾರೆ. ಇಷ್ಟೂ ಇರುವಾಗ, ಇವುಗಳಲ್ಲಿ ಒಂದರ ಮುಂದೆಯೂ ನಿಲ್ಲಿಸದೆ ಎನ್ರಿಕೊನ ನೇರಳೆ ಬಟ್ಟೆ ಹುಡುಕಿಸುವುದು ಯಾವ ನ್ಯಾಯ? ಕಥೆ ಬೇಡವೆಂದು ನಾನು ಹೇಳಲಿಲ್ಲ. ಮಾರ್ಗದರ್ಶಿ ಕೊಟ್ಟದ್ದು ಕಥೆಯೇ ಅಲ್ಲ. ಶ್ರೀಮಂತನೊಬ್ಬ ಸಿಕ್ಕಿಬಿದ್ದ ಎಂಬ ಸಮಾಧಾನ. ಅದನ್ನು ಜೇಬಿಗೆ ಹಾಕಿಕೊಂಡವರು ಬೇರೆ ಯಾವ ಚಿತ್ರದ ಮುಂದೆಯೂ ನಿಲ್ಲಬೇಕಾಗಿರಲಿಲ್ಲ, ನಿಲ್ಲಲೂ ಇಲ್ಲ.

ಇಷ್ಟು ಸಿಟ್ಟು ಯಾಕೆ ಬಂತು ಎಂಬುದನ್ನೂ ಹೇಳಿಬಿಡುತ್ತೇನೆ. ಇದುವರೆಗೆ ಯಾರಿಗೂ ಹೇಳಿಲ್ಲ.

ಮೂವತ್ತೊಂದು ವರ್ಷ ಬಡ್ಡಿಯ ಲೆಕ್ಕ ಬರೆದ ಕೈ ಇದು. ಅದರಲ್ಲಿ ಆರು ವರ್ಷ ಚಿನ್ನದ ಸಾಲದ ಕೌಂಟರಿನಲ್ಲಿ. ತೊಂಬತ್ತರ ದಶಕದಲ್ಲಿ ಒಬ್ಬ ಹೆಂಗಸು ಎರಡು ಬಳೆ, ಒಂದು ಕರಿಮಣಿ ಸರ ಅಡವಿಟ್ಟಿದ್ದಳು. ಗಡುವು ಮುಗಿಯಿತು, ಹರಾಜಿನ ನೋಟೀಸು ಹೋಯಿತು. ಅವಳು ಬಂದು "ಒಂದು ತಿಂಗಳು ಕೊಡಿ ಮೇಡಂ, ಕರಿಮಣಿಯೊಂದನ್ನಾದರೂ ಬಿಡಿಸಿಕೊಳ್ಳುತ್ತೇನೆ" ಎಂದಳು. ನಾನು ನಿಯಮ ಹೇಳಿದೆ. ನಿಯಮವೇನೋ ಸರಿಯಾಗಿಯೇ ಇತ್ತು. ಆದರೆ ಮೇಲಿನವರನ್ನು ಒಂದು ಮಾತು ಕೇಳಿ ನೋಡಬಹುದಿತ್ತು. ವರ್ಷದ ಲೆಕ್ಕ ಮುಗಿಸುವ ಗಡಿಬಿಡಿಯಲ್ಲಿದ್ದೆ, ಕೇಳಲಿಲ್ಲ. ಅವಳು ಅಳಲಿಲ್ಲ, ಬೈಯಲಿಲ್ಲ. ನನ್ನ ಕಡೆಗೆ ಬೆನ್ನು ಮಾಡಿ, ಸೆರಗು ಹೊದ್ದುಕೊಂಡು, ಬೆಂಚಿನ ಮೇಲೆ ತುಂಬ ಹೊತ್ತು ಕುಳಿತಿದ್ದಳು. ಅವಳ ಮುಖ ನೆನಪಿಲ್ಲ. ಆ ಬೆನ್ನು ನೆನಪಿದೆ.

ಇಂದು ಎನ್ರಿಕೊನ ಮುಂದಿನ ಗುಂಪನ್ನು ಬಿಟ್ಟು ಉತ್ತರದ ಗೋಡೆಗೆ ಬಂದೆ. ಶಿಲುಬೆಯಿಂದ ಇಳಿಸಿದ ಮಗನ ಮೇಲೆ ಬಾಗಿ ಅಳುವ ತಾಯಿಯ ಚಿತ್ರ. ಪುಸ್ತಕಗಳಲ್ಲಿ ಎಷ್ಟೋ ಸಲ ನೋಡಿದ್ದೆ. ಮರಿಯಳ ಮುಖ ಮಗನ ಮುಖಕ್ಕೆ ತಾಗುವಷ್ಟು ಹತ್ತಿರ, ಶಿಷ್ಯೆ ಮಗ್ದಲೇನ ಪಾದ ಹಿಡಿದಿದ್ದಾಳೆ, ಶಿಷ್ಯ ಯೋಹಾನ ಎರಡೂ ತೋಳುಗಳನ್ನು ಹಿಂದಕ್ಕೆ ಚಾಚಿದ್ದಾನೆ, ಮೇಲೆ ದೇವದೂತರು ಗಾಳಿಯಲ್ಲಿ ಹೊರಳಾಡುತ್ತಿದ್ದಾರೆ. ಇಷ್ಟು ನನಗೆ ಗೊತ್ತಿತ್ತು. ಮುಂದುಗಡೆ ನೆಲದ ಮೇಲೆ ಕುಳಿತ ಇಬ್ಬರು ಹೆಂಗಸರನ್ನು ಮಾತ್ರ ಪುಟದ ಮೇಲೆ ಸರಿಯಾಗಿ ಗಮನಿಸಿಯೇ ಇರಲಿಲ್ಲ. ನಮ್ಮ ಕಡೆಗೆ ಬೆನ್ನು. ತಲೆಯಿಂದ ನೆಲದವರೆಗೆ ಹೊದ್ದ ಬಟ್ಟೆ. ಮುಖವಿಲ್ಲ. ಒಬ್ಬಳು ಸತ್ತವನ ತಲೆಗೆ ಆಸರೆ ಕೊಟ್ಟಿದ್ದಾಳೆ. ಸುತ್ತಲಿನ ಅಷ್ಟೂ ಅಳುವ ಮುಖಗಳಿಗಿಂತ ಆ ಬೆನ್ನಿನ ಭಾರವೇ ಹೆಚ್ಚು. ಅದನ್ನು ನೋಡುತ್ತ ನಿಂತಾಗ ನನ್ನ ಹಿಂದಿನಿಂದ ಮತ್ತೆ ಆ ನಗೆ ಕೇಳಿಸಿತು. ಯಾರೋ "ಬಡ್ಡಿಯವನು ಸಿಕ್ಕಿದನಾ?" ಎಂದು ಕೇಳುತ್ತಿದ್ದರು. ಅಷ್ಟರಲ್ಲಿ ಗಂಟೆ ಬಾರಿಸಿತು, ಬಾಗಿಲು ತೆರೆಯಿತು, ಹೊರಗೆ ಕಳುಹಿಸಿದರು. ಜೋಕಿಮ್ ಮತ್ತು ಅನ್ನಾರನ್ನು, ಅಷ್ಟು ವರ್ಷ ಗಾಜಿನ ಕೆಳಗೆ ಇಟ್ಟುಕೊಂಡವರನ್ನು, ನೋಡಲು ಆಗಲೇ ಇಲ್ಲ.

ಮಗಳು ಕಾಫಿ ತಂದಳು. ಗುರುವಾರ ಸಂಜೆ ಎರಡು ಜಾಗ ಖಾಲಿ ಇವೆಯಂತೆ. ಕಾದಿರಿಸು ಎಂದೆ. ಗಾಜಿನ ಕೋಣೆಯಲ್ಲಿ ಮಾತನಾಡುವುದಾದರೆ ಈ ಸಲ ನಾನೇ ಅವಳಿಗೆ ಆ ಕರಿಮಣಿಯ ವಿಷಯ ಹೇಳುತ್ತೇನೆ. ಬಾಗಿಲು ತೆರೆದ ಕೂಡಲೇ ಮೊದಲು ಉತ್ತರದ ಗೋಡೆ.